ಅಪ್ಪನ ಕರ್ಚೀಫು, ಅಜ್ಜಿಯ ಸೀರೆ ಮತ್ತು ಒಂದಿಷ್ಟು ಕರೆಂಟು

ಬರೆದು ಮೂರು ತಿಂಗಳ ಮೇಲಾಯ್ತು. ರಿಲೀಸು, ಅದರ ಹಿಂದೆ ಪ್ರೊಡಕ್ಷನ್ ಇಶ್ಯೂ, ಅದರ ಹಿಂದೆ ಮತ್ತೊಂದು ರಿಲೀಸು... ನಮ್ಮ ಪಾಡು ನಿಮಗೆ ಗೊತ್ತಿದ್ದದ್ದೇ. ಇವತ್ತು ಬರೆಯೋಕೆ ಕೂರಿಸಿದ್ದು ಒಂದು ಶಾಕು. ಸುದ್ದಿ ಕೇಳಿ ಆಗೋ ಶಾಕಲ್ಲ, ಕೈಗೆ ಚಟ್ ಅಂತ ಹೊಡೆಯೋ ಶಾಕು :)

ಫೆಬ್ರವರಿ ಕೊನೆಯ ಒಂದು ಭಾನುವಾರ. ನಮ್ಮ ಚಿಕ್ಕಬಾಣಾವರದಲ್ಲಿ ಆ ಹೊತ್ತಿಗೆ ಗಾಳಿ ಒಣಗಿ ಕೂತಿರತ್ತೆ. ಹೆಸರಘಟ್ಟ ರಸ್ತೆಯಲ್ಲಿ ಒಂದು ಟಿಪ್ಪರ್ ಹೋದರೆ ಅದು ಎಬ್ಬಿಸಿದ ಧೂಳು ನಮ್ಮ ಮನೆ ಮುಂದೆ ಇಳಿಯೋಕೆ ಐದು ನಿಮಿಷ ಬೇಕು. ಮಧ್ಯಾಹ್ನ ಊಟ ಆದಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡ್ತಾ ಇದ್ದೆ. ಮೈಮೇಲೆ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟು. ಎದ್ದು ಹೋಗಿ ಗೇಟಿನ ಚಿಲಕಕ್ಕೆ ಕೈ ಇಟ್ಟೆ ನೋಡಿ, ಚಟ್! "ಅಯ್ಯಪ್ಪಾ" ಅಂತ ಕೈ ಎಳಕೊಂಡೆ.

ಜಗಲಿ ಮೇಲೆ ಕೂತಿದ್ದ ಅಪ್ಪ ನಕ್ಕುಬಿಟ್ಟರು. "ಇದೂ ಒಂದು ಶಾಕೇನೋ? ನಮ್ಮ ಗನ್ನು ಹೊಡೀತಿತ್ತು ನೋಡು, ಮೊಣಕೈವರೆಗೂ ಜುಮ್ ಅನ್ನೋದು..." ಅಂತ ಶುರು ಮಾಡಿದವರು ಪೂರ್ತಿ ಮಾಡಲಿಲ್ಲ. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲಲಿಲ್ಲ. ಅಮ್ಮ ಒಳಗಿಂದ ಇನ್‌ಹೇಲರ್ ತಂದು ಕೊಟ್ಟಳು.

ಅಪ್ಪನ ಗನ್ನು ಅಂದರೆ ಪೊಲೀಸಿನವರ ಗನ್ನಲ್ಲ. ಅದರ ಕತೆಗೆ ಆಮೇಲೆ ಬರ್ತೀನಿ. ಕುರ್ಚಿಯಲ್ಲಿ ಕೂತು ನಾನು ಓದ್ತಾ ಇದ್ದದ್ದು ಏನು ಅನ್ನೋದನ್ನ ಮೊದಲು ಹೇಳಬೇಕು. ನಡೆದಾಡುವಾಗ, ಬಟ್ಟೆ ಬಟ್ಟೆಗೆ ಉಜ್ಜುವಾಗ, ಉಸಿರಾಡುವಾಗ ನಮ್ಮ ಮೈಯಲ್ಲೇ ಹುಟ್ಟೋ ಸ್ಥಿರ ವಿದ್ಯುತ್ತನ್ನು ಬಳಸಿ, ಬ್ಯಾಟರಿ ಇಲ್ಲದೆ ಗಾಳಿ ಸೋಸುವ ಫಿಲ್ಟರನ್ನು ಮೈಮೇಲೆ ತೊಟ್ಟುಕೊಂಡು ಓಡಾಡಬಹುದು ಅನ್ನೋ ವಿಷಯ. ಅದನ್ನ ಓದ್ತಾ ಇದ್ದಾಗಲೇ ಗೇಟು ನನಗೆ ಪ್ರಾಕ್ಟಿಕಲ್ ಕ್ಲಾಸು ತಗೊಂಡಿತು!

* * *

ಇಂಜಿನಿಯರಿಂಗ್‌ನಲ್ಲಿ ನಾನು ಓದಿದ್ದು ಎಲೆಕ್ಟ್ರಾನಿಕ್ಸು, ಹೊಟ್ಟೆಪಾಡಿಗೆ ಮಾಡೋದು ಜಾವಾ. ಓದಿದ್ದರಲ್ಲಿ ಅಷ್ಟಿಷ್ಟು ತಲೆಯಲ್ಲಿ ಉಳಿದಿದೆ. ಅದನ್ನ ಇಟ್ಟುಕೊಂಡು ಒಂದು ಸಣ್ಣ ಲೆಕ್ಕ ಹಾಕಿದೆ. ಲೆಕ್ಕ ಕಂಡ್ರೆ ಆಗದವರು ಮುಂದಿನ ಪ್ಯಾರಾ ಹಾರಿಸಬಹುದು, ಬೇಜಾರಿಲ್ಲ.

ನಮ್ಮ ಮೈ ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ಸುಮಾರು 100 ಪಿಕೋಫ್ಯಾರಡ್. ಒಣಹವೆಯಲ್ಲಿ ಸಿಂಥೆಟಿಕ್ ಬಟ್ಟೆ ಹಾಕ್ಕೊಂಡು ಓಡಾಡಿದರೆ ಅದು 10,000 ವೋಲ್ಟಿನವರೆಗೂ ಚಾರ್ಜ್ ಆಗಬಹುದು. ಬೆರಳಿಗೆ ಶಾಕು ಗೊತ್ತಾಗಬೇಕು ಅಂದ್ರೇನೇ ಸುಮಾರು 3,000 ವೋಲ್ಟು ಬೇಕಂತೆ. ಅಂದರೆ ಗೇಟು ನನಗೆ ಹೊಡೆದದ್ದು ಮನೆ ಪ್ಲಗ್ಗಿನ 230 ವೋಲ್ಟಿಗಿಂತ ಹತ್ತಾರು ಪಟ್ಟು ಜಾಸ್ತಿ! ಆದರೂ ನಾನು ಬದುಕಿದ್ದೀನಿ, ಇದನ್ನ ಬರೀತಾ ಇದ್ದೀನಿ. ಯಾಕಂದ್ರೆ ವೋಲ್ಟೇಜು ಎಷ್ಟಿದ್ದರೂ ಅದರ ಹಿಂದಿರೋ ಶಕ್ತಿ ತೀರಾ ಕಮ್ಮಿ. 10,000 ವೋಲ್ಟಿನ ಒಂದು ಶಾಕಿನಲ್ಲಿ ಇರೋದು ಒಂದು ಜೂಲಿನ ಇನ್ನೂರನೇ ಒಂದು ಭಾಗ. ಗೋಡೆ ಗಡಿಯಾರಕ್ಕೆ ಹಾಕೋ ಪೆನ್ಸಿಲ್ ಸೆಲ್ಲಿನಲ್ಲಿರೋ ಶಕ್ತಿಗೆ ಸಮ ಆಗಬೇಕಾದರೆ ಇಂಥ ಶಾಕುಗಳು ಲಕ್ಷಗಟ್ಟಲೆ ಬೇಕು. ಒಂದೇ ಒಂದು ವ್ಯಾಟಿನ ಪುಟಾಣಿ ಫ್ಯಾನು ತಿರುಗಿಸೋಕೆ ಸೆಕೆಂಡಿಗೆ 200 ಸಲ ಗೇಟು ಮುಟ್ಟಬೇಕು!

ಹಾಗಾದರೆ ಮೈಯ ಕರೆಂಟಿನಲ್ಲಿ ಗಾಳಿ ಸೋಸೋದು ಸುಳ್ಳಾ? ನಾನೂ ಹಾಗೇ ಅಂದ್ಕೊಂಡೆ. ಆಮೇಲೆ ಹೊಳೀತು, ನಾನು ಲೆಕ್ಕ ಹಾಕಿದ್ದು ಫ್ಯಾನಿಗೆ. ಗಾಳಿಯನ್ನ ಎಳೆಯೋ ಕೆಲಸ ನಮ್ಮ ಶ್ವಾಸಕೋಶವೇ ಬಿಟ್ಟಿ ಮಾಡತ್ತೆ. ಫಿಲ್ಟರಿಗೆ ಬೇಕಾದದ್ದು ಧೂಳನ್ನ ತನ್ನ ಕಡೆ ಸೆಳಕೊಳ್ಳೋದು, ಅಷ್ಟೇ. ಬಾಚಣಿಗೆಯನ್ನ ತಲೆಗೆ ಉಜ್ಜಿ ಕಾಗದದ ಚೂರು ಎತ್ತಿಸಿದ್ದು ನೆನಪಿದೆಯಲ್ಲ? ಆ ಬಾಚಣಿಗೆಗೆ ಯಾರೂ ಬ್ಯಾಟರಿ ಹಾಕಿರಲಿಲ್ಲ. ಸೆಳೆತಕ್ಕೆ ಚಾರ್ಜು ಇದ್ದರೆ ಸಾಕು, ಅದು ಖರ್ಚಾಗಬೇಕಿಲ್ಲ.

ಇದನ್ನ ಚೆನ್ನಾಗಿ ಬಳಸಿಕೊಂಡಿರೋ ವಸ್ತು ನಮ್ಮೆಲ್ಲರ ಮನೆಯಲ್ಲೂ ಈಗ ಬಿದ್ದಿದೆ. ಎನ್95 ಮಾಸ್ಕು. ಅದರ ಮಧ್ಯದ ಪದರಕ್ಕೆ ತಯಾರಾಗುವಾಗಲೇ ಚಾರ್ಜು ತುಂಬಿ ಅದು ವರ್ಷಗಟ್ಟಲೆ ಉಳಿಯೋ ಹಾಗೆ ಮಾಡಿರ್ತಾರೆ. ಹೀಗೆ ಚಾರ್ಜನ್ನ ಹಿಡಿದಿಟ್ಟುಕೊಳ್ಳೋ ವಸ್ತುವಿಗೆ ಎಲೆಕ್ಟ್ರೆಟ್ ಅಂತ ಹೆಸರು. ಕಬ್ಬಿಣಕ್ಕೆ ಮ್ಯಾಗ್ನೆಟ್ ಹೇಗೋ ಧೂಳಿಗೆ ಇದು ಹಾಗೆ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ತ್ಸಾಯ್ ಅನ್ನೋರು 1990ರ ದಶಕದಲ್ಲಿ ಈ ಪದರಕ್ಕೆ ಚಾರ್ಜು ತುಂಬೋ ಒಳ್ಳೆ ದಾರಿ ಕಂಡುಹಿಡಿದರು. ಚಾರ್ಜು ಇದ್ದಾಗ ಅದೇ ಬಟ್ಟೆ ಸುಮಾರು ಹತ್ತು ಪಟ್ಟು ಚೆನ್ನಾಗಿ ಸೋಸತ್ತೆ. ಇದರಲ್ಲಿ ಇನ್ನೊಂದು ಲಾಭ ಇದೆ. ಬರೀ ನೇಯ್ಗೆಯಿಂದ ಧೂಳು ತಡೀಬೇಕು ಅಂದ್ರೆ ಬಟ್ಟೆ ಒತ್ತಾಗಿರಬೇಕು, ಆಗ ಉಸಿರು ಕಟ್ಟತ್ತೆ. ಸೆಳೆತ ಇದ್ದರೆ ಎಳೆಗಳ ನಡುವೆ ಜಾಗ ಬಿಡಬಹುದು, ಗಾಳಿ ಸಲೀಸಾಗಿ ಬರತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ಎನ್95ಗೆ ತುಂಬಿದ ಚಾರ್ಜು ಒಂದು ಸಲದ್ದು. ಸೋಪು ಹಾಕಿ ತೊಳೆದರೆ, ಸ್ಯಾನಿಟೈಸರ್ ಹೊಡೆದರೆ ಹೋಯ್ತು. ಮಾಸ್ಕು ನೋಡೋಕೆ ಹಾಗೇ ಇರತ್ತೆ, ಒಳಗಿನ ಸತ್ವ ಇರಲ್ಲ. ಅದಕ್ಕೇ ಕೆಲವರು ಯೋಚಿಸಿದ್ದು: ತೊಟ್ಟವರ ಮೈಯೇ ಮತ್ತೆ ಮತ್ತೆ ಚಾರ್ಜು ತುಂಬಿಕೊಡೋ ಹಾಗಾದರೆ? ಜಾರ್ಜಿಯಾ ಟೆಕ್‌ನ ಝೋಂಗ್ ಲಿನ್ ವಾಂಗ್ ಅವರ ತಂಡ 2012ರಲ್ಲಿ ಎರಡು ಪ್ಲಾಸ್ಟಿಕ್ ಹಾಳೆ ಒಂದಕ್ಕೊಂದು ತಾಗಿ ಬಿಡುವುದರಿಂದಲೇ ಕರೆಂಟು ಹುಟ್ಟಿಸೋ ಪುಟ್ಟ ಜನರೇಟರ್ ಮಾಡಿ ತೋರಿಸಿತು. 2018ರಲ್ಲಿ ಬೀಜಿಂಗ್‌ನ ಸಂಶೋಧಕರು ಅದನ್ನೇ ಮಾಸ್ಕಿನೊಳಗೆ ಇಟ್ಟರು. ಉಸಿರು ಎಳೆದಾಗ, ಬಿಟ್ಟಾಗ ಪದರಗಳು ತಾಗಿ ದೂರವಾಗ್ತವೆ, ಚಾರ್ಜು ಹುಟ್ಟತ್ತೆ, ಧೂಳು ಅಂಟತ್ತೆ. ಉಸಿರಾಡೋದೇ ಚಾರ್ಜರ್!

ಇದೆಲ್ಲ ಎಲ್ಲೋ ದೂರದ ಕತೆ ಅಂದ್ಕೋಬೇಡಿ. ಇದರ ತೀರಾ ಸರಳವಾದ, ಹೊಲಿಗೆ ಮಿಷನ್ನಿನಲ್ಲಿ ಮಾಡಬಹುದಾದ ಒಂದು ಅವತಾರ ನಮ್ಮ ಮನೆಯಿಂದ ಸ್ವಲ್ಪವೇ ದೂರದಲ್ಲಿ ಹುಟ್ಟಿದೆ. ಅದಕ್ಕೆ ಮುಂಚೆ ಅಪ್ಪನ ಗನ್ನು.

* * *

ತುರುವೇಕೆರೆ ಕಡೆಯ ಹಳ್ಳಿಯಿಂದ ಅಪ್ಪ 1993ರಲ್ಲಿ ಪೀಣ್ಯಕ್ಕೆ ಬಂದರು. ಆಗೆಲ್ಲ ನಮ್ಮ ಕಡೆಯವರು ತುಮಕೂರು ರಸ್ತೆ ಹಿಡಿದು ಬಂದರೆ ಮೊದಲು ಸಿಗೋ ಬೆಂಗಳೂರೇ ಪೀಣ್ಯ. ಮೊದಲ ಐದು ವರ್ಷ ಬಫಿಂಗ್ ಕೆಲಸ. ಆಮೇಲೆ ಒಂದು ಪೌಡರ್ ಕೋಟಿಂಗ್ ಶೆಡ್ಡಿಗೆ ಸೇರಿದರು. ಸೈಟು ಅಗ್ಗಕ್ಕೆ ಸಿಗತ್ತೆ ಅಂತ ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿದ್ದು. ದಿನಾ ಟಿವಿಎಸ್ ಎಕ್ಸೆಲ್‌ನಲ್ಲಿ ಹೋಗಿ ಬರೋರು.

ಪೌಡರ್ ಕೋಟಿಂಗ್ ಅಂದ್ರೆ ಗೊತ್ತಲ್ಲ? ಎಲೆಕ್ಟ್ರಿಕ್ ಪ್ಯಾನೆಲ್ ಬಾಕ್ಸು, ಕಿಟಕಿ ಫ್ರೇಮು, ಆಫೀಸಿನ ಕುರ್ಚಿ ಕಾಲು, ನಾವು ಬರೆದ ಕೋಡು ಓಡೋ ಸರ್ವರ್ ರ್‍ಯಾಕು, ಇವಕ್ಕೆಲ್ಲ ಹಾಕಿರೋ ಬಣ್ಣ ಬ್ರಷ್ಷಿನಲ್ಲಿ ಬಳಿದದ್ದಲ್ಲ. ಅದು ಒಣ ಪುಡಿ. ಮೈದಾ ಹಿಟ್ಟಿನಷ್ಟು ನುಣ್ಣಗೆ ಇರತ್ತೆ. ಗನ್ನಿನ ತುದಿಯಲ್ಲಿ 60,000ದಿಂದ 1,00,000 ವೋಲ್ಟು. ಅದರೊಳಗಿಂದ ಹಾದು ಬರೋ ಪುಡಿಗೆ ಚಾರ್ಜು ಹತ್ತತ್ತೆ. ಕೊಂಡಿಗೆ ನೇತುಹಾಕಿದ ಕಬ್ಬಿಣಕ್ಕೆ ಅರ್ಥಿಂಗ್ ಕೊಟ್ಟಿರ್ತಾರೆ. ಪುಡಿ ತಾನಾಗೇ ಹಾರಿ ಹೋಗಿ ಕಬ್ಬಿಣಕ್ಕೆ ಅಂಟಿಕೊಳ್ಳತ್ತೆ, ಹಿಂಭಾಗಕ್ಕೂ ತಿರುಗಿ ಹೋಗಿ ಅಂಟತ್ತೆ. ಆಮೇಲೆ ಅದನ್ನ ಸುಮಾರು 200 ಡಿಗ್ರಿ ಬಿಸಿಯ ಓವನ್ನಿನಲ್ಲಿಟ್ಟರೆ ಪುಡಿ ಕರಗಿ ಬಣ್ಣದ ಪದರ ಆಗತ್ತೆ. ಅಷ್ಟು ವೋಲ್ಟಿದ್ದರೂ ಕರೆಂಟು ಬರೀ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ, ನಮ್ಮ ಮನೆ ಎಲ್‌ಇಡಿ ಬಲ್ಬಿನಷ್ಟು ಶಕ್ತಿ ಸಾಕು. ಇನ್ನೊಂದು ಥರದ ಗನ್ನಿದೆ, ಅದರಲ್ಲಿ ಅಷ್ಟೂ ವೋಲ್ಟು ಬೇಡ. ಟೆಫ್ಲಾನ್ ಕೊಳವೆಯೊಳಗೆ ಪುಡಿ ಉಜ್ಜಿಕೊಂಡು ಬರುವಾಗಲೇ ಚಾರ್ಜ್ ಆಗಿಬಿಡತ್ತೆ. ಬಾಚಣಿಗೆಯ ಆಟವೇ.

ಎಲ್ಲ ಪುಡಿಯೂ ಕಬ್ಬಿಣಕ್ಕೇ ಹೋಗಲ್ಲ. ಬೂತಿನೊಳಗೆ ಕಬ್ಬಿಣದ ಹಾಗೇ ಭೂಮಿಗೆ ತಾಗಿಕೊಂಡು ನಿಂತಿರೋ ಇನ್ನೊಂದು ವಸ್ತು ಇರತ್ತಲ್ಲ, ಗನ್ನು ಹಿಡಿದ ಮನುಷ್ಯ, ಅವನ ಮೈಗೂ ಹೋಗತ್ತೆ. ಅಪ್ಪನ ಕೈ ರೋಮ, ಹುಬ್ಬು, ಮೀಸೆ ಎಲ್ಲಕ್ಕೂ ಅಂಟಿರ್ತಿತ್ತು. ಬೂತಿನ ಎಕ್ಸಾಸ್ಟ್ ಸರಿಯಾಗಿ ಎಳೆದರೆ ಪುಡಿ ಒಳಗೇ ಇರತ್ತೆ. ಅಪ್ಪನ ಶೆಡ್ಡಿನಲ್ಲಿ ಅದು ಕೆಟ್ಟಾಗ ರಿಪೇರಿ ಆಗೋಕೆ ವಾರಗಟ್ಟಲೆ ಹಿಡೀತಿತ್ತಂತೆ. ಮಾಸ್ಕು? ಮೂಗಿಗೆ ಕಟ್ಟಿಕೊಳ್ಳೋಕೆ ಮನೆಯಿಂದ ತಗೊಂಡು ಹೋಗೋ ಕರ್ಚೀಫು.

ಆ ಕರ್ಚೀಫಿನ ಜೊತೆ ನನ್ನ ಬಾಲ್ಯದ ಒಂದು ಆಟ ಇದೆ. ಮೂರನೆಯೋ ನಾಲ್ಕನೆಯೋ ಕ್ಲಾಸಿನಲ್ಲಿದ್ದೆ. ಸಂಜೆ ಗಾಡಿ ಸದ್ದು ಕೇಳಿದ ತಕ್ಷಣ ನಾನೂ ತಂಗಿಯೂ "ಇವತ್ತು ನೀಲಿ", "ಅಲ್ಲ, ಬೂದಿ" ಅಂತ ಪಂಥ ಕಟ್ಟೋದು. ಅಪ್ಪ ಜೇಬಿನಿಂದ ಕರ್ಚೀಫು ತೆಗೆದು ಕೊಡವಿ ತೋರಿಸೋರು. ಅವತ್ತು ಶೆಡ್ಡಿನಲ್ಲಿ ಯಾವ ಬಣ್ಣ ಓಡಿತ್ತೋ ಆ ಬಣ್ಣ. ಗೆದ್ದವರಿಗೆ ಕಡ್ಲೆಮಿಠಾಯಿ. ಹಳದಿ ಬಂದ ದಿನ ಅಮ್ಮ ಬಯ್ಯೋಳು, ಎಷ್ಟು ಉಜ್ಜಿದರೂ ಹೋಗಲ್ಲ ಅಂತ. ಅಪ್ಪ ಬಚ್ಚಲಲ್ಲಿ ಮೂಗು ಸೀಟಿದರೆ ಅದೂ ಅದೇ ಬಣ್ಣ. ನಾವಿಬ್ಬರೂ ಅದನ್ನೂ ನೋಡಿ ನಗ್ತಿದ್ವಿ.

ಈಗ ಆ ಆಟ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗತ್ತೆ. ಕರ್ಚೀಫಿಗೆ ಸಿಕ್ಕಿದ್ದು ನಮಗೆ ಕಾಣಿಸ್ತಿತ್ತು. ಅದನ್ನ ದಾಟಿ ಹೋದದ್ದರ ಲೆಕ್ಕ ಯಾರೂ ಇಟ್ಟಿರಲಿಲ್ಲ.

* * *

2020ರ ಏಪ್ರಿಲ್. ಲಾಕ್‌ಡೌನ್. ಶೆಡ್ಡು ಮುಚ್ಚಿತ್ತು, ಅಪ್ಪ ಮನೆಯಲ್ಲಿ. ನಾನು ಫೈನಲ್ ಇಯರ್, ಕಾಲೇಜಿಲ್ಲ, ಆಫರ್ ಲೆಟರ್ ಕೊಟ್ಟ ಕಂಪನಿಯಿಂದ ಸುದ್ದಿಯಿಲ್ಲ. ಮೆಡಿಕಲ್ ಶಾಪಿನಲ್ಲಿ ಮಾಸ್ಕು ಸಿಗ್ತಿರಲಿಲ್ಲ. ಆಗ ಪೇಪರಿನಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನ ಸೆನ್ಸ್, ಅಂದರೆ ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್, ಸಾಮಾನ್ಯ ಜನರಿಗಾಗಿ "ಟ್ರೈಬೋ-ಇ" ಅನ್ನೋ ಮಾಸ್ಕಿನ ರೆಸಿಪಿ ಕೊಟ್ಟಿದೆ ಅಂತ. ಪ್ರಳಯ್ ಸಾಂತ್ರಾ, ಆಶುತೋಷ್ ಸಿಂಗ್, ಗಿರಿಧರ್ ಕುಲಕರ್ಣಿ ಅನ್ನೋ ವಿಜ್ಞಾನಿಗಳ ಕೆಲಸ.

ಲಿಕ್ವಿಡ್ ಕ್ರಿಸ್ಟಲ್ ಸಂಶೋಧನೆಗೆ ಅಂತ ಪ್ರೊ. ಎಸ್. ಚಂದ್ರಶೇಖರ್ 1991ರಲ್ಲಿ ಕಟ್ಟಿದ ಸಂಸ್ಥೆ ಇದು. ಮೊದಲಿದ್ದದ್ದು ನಮ್ಮ ಪಕ್ಕದ ಜಾಲಹಳ್ಳಿಯಲ್ಲಿ. ಈಗ ತುಮಕೂರು ರಸ್ತೆ ಕಡೆ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ಎರಡೂ ನಮ್ಮ ಸೀಮೆಯೇ. ಬಿಇಎಲ್ ಸರ್ಕಲ್ ಕಡೆ ಓಡಾಡುವಾಗ ಇಂಥದ್ದೊಂದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ ಅಂತ ಸ್ವಲ್ಪ ನಾಚಿಕೆಯೂ ಆಯ್ತು.

ರೆಸಿಪಿ ಅಡುಗೆಯಷ್ಟೇ ಸುಲಭ. ಮೂರು ಪದರ. ಹೊರಗಿನ ಎರಡು ಪಾಲಿಪ್ರೊಪಿಲೀನ್. ಅದೆಲ್ಲಿ ಸಿಗತ್ತೆ ಅಂದ್ರೆ, ದಿನಸಿ ಅಂಗಡಿಯವರು "ಬಟ್ಟೆ ಚೀಲ" ಅಂತ ಕೊಡ್ತಾರಲ್ಲ, ಆ ನಾನ್ ವೋವನ್ ಬ್ಯಾಗು. (ಹೌದು, ಅದು ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ಕು. ನಾನೂ ಅವತ್ತೇ ತಿಳಕೊಂಡದ್ದು.) ಮಧ್ಯದಲ್ಲಿ ನೈಲಾನ್ ಬಟ್ಟೆ, ಇಲ್ಲದಿದ್ದರೆ ಹಳೆ ರೇಷ್ಮೆ ಸೀರೆಯ ತುಂಡು. ಹೊಲಿದಾದ ಮೇಲೆ ಪದರಗಳನ್ನ ಒಂದಕ್ಕೊಂದು ಉಜ್ಜಬೇಕು. ಉಜ್ಜಿದಾಗ ಪಾಲಿಪ್ರೊಪಿಲೀನ್‌ಗೆ ಋಣ ಚಾರ್ಜು, ರೇಷ್ಮೆಗೆ ಧನ ಚಾರ್ಜು. ಒಳಗೆ ನುಗ್ಗೋದು ಈ ಕರೆಂಟಿನ ಗೋಡೆಗಳನ್ನ ದಾಟಿ ಬರಬೇಕು. ತೊಳೆದು ಮತ್ತೆ ಹಾಕ್ಕೋಬಹುದು. ಬ್ಯಾಟರಿಯಿಲ್ಲ, ವೈರಿಲ್ಲ, ಕೈಯೇ ಚಾರ್ಜರ್.

"ಅಮ್ಮಾ, ನಿನ್ನ ಧಾರೆ ಸೀರೆ ಎಲ್ಲಿಟ್ಟಿದ್ದೀಯ?" ಅಂದೆ.

"ಯಾಕೋ?"

"ಒಂದು ಗೇಣು ಕತ್ತರಿಸಬೇಕಿತ್ತು."

ಆಮೇಲೆ ಆದದ್ದನ್ನ ಇಲ್ಲಿ ಬರೆಯೋದು ಬೇಡ :) ಅರ್ಧ ಗಂಟೆ ಬಿಟ್ಟು ಟ್ರಂಕಿನ ತಳದಿಂದ ಅಜ್ಜಿಯ ಒಂದು ಸೀರೆ ಬಂತು. ಮಡಿಕೆಯಲ್ಲೆಲ್ಲ ಬಿರಿದುಹೋಗಿತ್ತು, ನ್ಯಾಫ್ತಲಿನ್ ವಾಸನೆ. "ಅತ್ತೆ ಇದ್ದಿದ್ರೆ ತಗೋ ಅಂತಲೇ ಕೊಡ್ತಿದ್ರು, ಮಗನಿಗೆ ತಾನೇ" ಅಂತ ಅಮ್ಮ ಅದನ್ನ ಕತ್ತರಿಸಿದಳು. ಮಿಷನ್ ತುಳಿದದ್ದು ಅವಳು, ಅಳತೆ ಕೊಟ್ಟದ್ದು ನಾನು. ನಾಲ್ಕು ಮಾಸ್ಕು ಆಯ್ತು.

ಪರೀಕ್ಷೆ ಆಗಬೇಕಲ್ಲ? ಪೇಪರನ್ನ ಸಣ್ಣ ಸಣ್ಣ ಚೂರು ಮಾಡಿ ಟೇಬಲ್ ಮೇಲೆ ಹರಡಿದೆ. ಮಾಸ್ಕನ್ನ ಎರಡೂ ಅಂಗೈ ನಡುವೆ ಉಜ್ಜಿ ಮೇಲೆ ಹಿಡಿದರೆ ಚೂರುಗಳು ಟಪ್ ಟಪ್ ಅಂತ ಹಾರಿ ಅಂಟಿಕೊಂಡವು. ತಂಗಿ ಚಪ್ಪಾಳೆ ಹೊಡೆದಳು. ಅದೇ ಮಾಸ್ಕನ್ನ ಅರ್ಧ ಗಂಟೆ ಹಾಕ್ಕೊಂಡು ಓಡಾಡಿ ಮತ್ತೆ ಹಿಡಿದೆ. ಒಂದೆರಡು ಚೂರು ಸ್ವಲ್ಪ ಅಲ್ಲಾಡಿದವು, ಅಷ್ಟೇ. ನಾವು ಬಿಡೋ ಉಸಿರಿನಲ್ಲಿ ತೇವ ತುಂಬಿರತ್ತೆ. ತೇವಕ್ಕೂ ಚಾರ್ಜಿಗೂ ಆಗಿಬರಲ್ಲ, ಮೆಲ್ಲಗೆ ಸೋರಿ ಹೋಗತ್ತೆ. ಮಳೆಗಾಲದಲ್ಲಿ ಗೇಟು ನಮಗೆ ಶಾಕ್ ಹೊಡೆಯದೇ ಇರೋದಕ್ಕೂ ಇದೇ ಕಾರಣ. ಮತ್ತೆ ಉಜ್ಜಿದರೆ ಮತ್ತೆ ಬರತ್ತೆ ಅನ್ನಿ.

ಶೆಡ್ಡು ತೆಗೆದ ಮೇಲೆ ಅಪ್ಪ ಅದನ್ನ ಕೆಲಸಕ್ಕೆ ತಗೊಂಡು ಹೋದರು. "ಟೀ ಟೈಮಿನಲ್ಲಿ ಒಂದು ಸಲ ಉಜ್ಜಪ್ಪ, ಊಟಕ್ಕೆ ಮುಂಚೆ ಒಂದು ಸಲ" ಅಂತ ಹೇಳಿ ಕಳಿಸಿದ್ದೆ. ಸಂಜೆ ಬಂದಾಗ ಚಿಕ್ಕಂದಿನ ಹಾಗೇ ಕಾಯ್ತಾ ನಿಂತಿದ್ದೆ. ಅವತ್ತು ಬಣ್ಣ ಇಟ್ಟಿಗೆ ಕೆಂಪು. ಮಾಸ್ಕಿನ ಹೊರಗೆಲ್ಲ ಕೆಂಪು ಮೆತ್ತಿತ್ತು. ತಿರುಗಿಸಿ ಒಳಗೆ ನೋಡಿದೆ. ಮಧ್ಯಭಾಗ ಹೆಚ್ಚುಕಮ್ಮಿ ಬಿಳಿ! ಖುಷಿಯಿಂದ ಕುಣಿಯೋದೊಂದು ಬಾಕಿ. ಆಮೇಲೆ ಅಪ್ಪ ಮುಖ ತೊಳೆಯೋಕೆ ಮುಂಚೆ ದೀಪದ ಕೆಳಗೆ ಬಂದರು. ಮೂಗಿನ ಎರಡೂ ಪಕ್ಕದಲ್ಲಿ, ಕಣ್ಣಿನ ಕೆಳಗಿಂದ ಮೂಗಿನ ಹೊಳ್ಳೆವರೆಗೆ ಎರಡು ಕೆಂಪು ಗೆರೆ.

ಬಟ್ಟೆಯೊಳಗಿಂದ ಬರೋಕೆ ಕಷ್ಟವಾದ ಪುಡಿ, ಬಟ್ಟೆಗೂ ಮುಖಕ್ಕೂ ನಡುವೆ ಇದ್ದ ಸಂದಿಯಿಂದ ಆರಾಮಾಗಿ ಬಂದಿತ್ತು. ಗಾಳಿಗೆ ಯಾವ ಕಡೆ ಸುಲಭವೋ ಆ ಕಡೆಯಿಂದ ಅದು ನುಗ್ಗತ್ತೆ. ಟ್ರೈಬೋ-ಇ ಮಾಸ್ಕನ್ನ ಅವರು ಕೊಟ್ಟದ್ದು ಸಾಮಾನ್ಯ ಜನ ತರಕಾರಿ ತರೋಕೆ ಹೋಗುವಾಗ ಹಾಕ್ಕೊಳ್ಳಲಿ ಅಂತ. ಬೂತಿನೊಳಗೆ ಎಂಟು ಗಂಟೆ ನಿಲ್ಲೋ ಮನುಷ್ಯನಿಗೆ ಅಂತ ಅವರು ಹೇಳಿರಲಿಲ್ಲ. ಅದನ್ನ ಅಲ್ಲಿಗೆ ಕಳಿಸಿದ್ದು ನಾನು. ತಪ್ಪು ಅವರದಲ್ಲ, ನನ್ನದು.

ಮೂಗಿನ ಪಕ್ಕದ ಆ ಎರಡು ಗೆರೆ ನನಗೆ ನಾಲ್ಕು ವರ್ಷದ ಇಂಜಿನಿಯರಿಂಗ್‌ಗಿಂತ ಹೆಚ್ಚು ಕಲಿಸಿತು. ಎಷ್ಟೇ ಒಳ್ಳೆ ಐಡಿಯಾ ಇದ್ದರೂ ಅಂಚಿನಲ್ಲಿ ಸಂದಿ ಇದ್ದರೆ ಮುಗೀತು. ಎನ್95ನ ಅರ್ಧ ಗುಟ್ಟು ಅದರೊಳಗಿನ ಚಾರ್ಜಾದರೆ ಇನ್ನರ್ಧ ಮೂಗಿನ ಮೇಲೆ ಒತ್ತಿ ಕೂರಿಸೋ ಆ ಸಣ್ಣ ತಗಡಿನ ಪಟ್ಟಿ ಮತ್ತು ತಲೆಯ ಹಿಂದೆ ಬಿಗಿಯೋ ಎರಡು ಎಲಾಸ್ಟಿಕ್ಕು.

* * *

2021ರಲ್ಲಿ ಅಪ್ಪನಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗದ ಹಾಗಾಯ್ತು. ಮೊದಲು ಕೋವಿಡ್ ಅಂದ್ಕೊಂಡು ಹೆದರಿದ್ವಿ. ಟೆಸ್ಟಿನಲ್ಲಿ ಇರಲಿಲ್ಲ. ಆಮೇಲೆ ಡಾಕ್ಟರು ಒಂದು ಕೊಳವೆ ಕೊಟ್ಟು ಊದಿಸಿ, ಗ್ರಾಫು ನೋಡಿ, "ಬೀಡಿ ಸಿಗರೇಟು ಎಷ್ಟು ವರ್ಷ?" ಅಂತ ಕೇಳಿದರು. ಅಪ್ಪ ಬದುಕಿನಲ್ಲಿ ಬೀಡಿ ಮುಟ್ಟಿದವರಲ್ಲ. "ಕೆಲಸ ಏನು?" ಹೇಳಿದರು. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು ಸಿಒಪಿಡಿ ಅಂತ ಬರೆದರು. ಇಂಥದ್ದೇ ಕೆಲಸದಿಂದ ಇಷ್ಟೇ ಭಾಗ ಬಂತು ಅಂತ ಬೆರಳಿಟ್ಟು ತೋರಿಸೋಕಾಗಲ್ಲ, ಆದರೆ ಇಷ್ಟು ವರ್ಷದ ಧೂಳು ಸುಮ್ಮನೆ ಹೋಗಲ್ಲ ಅಂದರು. 2022ರಲ್ಲಿ ಅಪ್ಪ ಕೆಲಸ ಬಿಟ್ಟರು.

ಅಷ್ಟು ಹೊತ್ತಿಗೆ ಎನ್95 ಅಂಗಡಿ ಅಂಗಡಿಯಲ್ಲಿ ಸಿಗ್ತಿತ್ತು. ಒಳ್ಳೇದು ನೋಡಿ ತಂದುಕೊಟ್ಟೆ, ರಸ್ತೆಯ ಧೂಳಿಗಾದರೂ ಆಗಲಿ ಅಂತ. ಅಪ್ಪ ಹಾಕ್ಕೊಂಡು ಕೆರೆ ಕಡೆ ಹೊರಟವರು ಮೂಲೆ ಮನೆವರೆಗೂ ಹೋಗಲಿಲ್ಲ. ತೆಗೆದು ಕೈಯಲ್ಲಿ ಹಿಡ್ಕೊಂಡು ವಾಪಸ್ ಬಂದರು. "ಎದೆ ಮೇಲೆ ಯಾರೋ ಕೂತ ಹಾಗಾಗತ್ತೆ ಕಣೋ" ಅಂದರು. ಆರೋಗ್ಯವಂತರಿಗೆ ಲೆಕ್ಕಕ್ಕೇ ಬರದ ತಡೆ, ಸೋತ ಶ್ವಾಸಕೋಶಕ್ಕೆ ಬೆಟ್ಟ.

ಅದಕ್ಕೇ ಮೈಯ ಕರೆಂಟಿನ ಫಿಲ್ಟರುಗಳ ಬಗ್ಗೆ ನಾನು ಈಗಲೂ ಹುಡುಕಿ ಹುಡುಕಿ ಓದೋದು. ಸೆಳೆತ ಹೆಚ್ಚಿದ್ದಷ್ಟೂ ಬಟ್ಟೆ ತೆಳುವಾಗಿರಬಹುದು ಅಂದೆನಲ್ಲ, ಆ ಮಾತು. ಉಸಿರಿಗೆ ಅಡ್ಡ ಬರದ, ತೇವಕ್ಕೆ ಸೋಲದ, ತೊಟ್ಟವರ ನಡಿಗೆಯಿಂದಲೇ ಚಾರ್ಜು ತುಂಬಿಕೊಳ್ಳೋ ಒಂದು ಹಗುರಾದ ಪದರ ಬಂದರೆ ಅದರ ಮೊದಲ ಗಿರಾಕಿ ನಮ್ಮಪ್ಪ. ಲ್ಯಾಬಿನಲ್ಲಿ ಆಗಿರೋದು ಅಂಗಡಿಗೆ ಬರೋವರೆಗೆ ಕಾಯ್ತೀನಿ.

ಆದರೆ ಒಂದು ಮಾತು ಹೇಳಲೇಬೇಕು. ಅಪ್ಪನಿಗೆ ಬೇಕಾಗಿದ್ದದ್ದು ಹೊಸ ಸಂಶೋಧನೆ ಆಗಿರಲಿಲ್ಲ. ಧೂಳು ಒಳಗೆ ಹೋಗದ ಹಾಗೆ ಪರಿಣಾಮಕಾರಿ ಕ್ರಮ ತಗೋಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಧೂಳಿನ ಮಾಸ್ಕು ಹೇಗಿರಬೇಕು ಅನ್ನೋಕೆ ನಮ್ಮಲ್ಲೇ ಐಎಸ್ 9473 ಅನ್ನೋ ಸ್ಟ್ಯಾಂಡರ್ಡು ಇದೆ. ಚಾರ್ಜು ತುಂಬಿದ ಮಾಸ್ಕು ಅಪ್ಪ ಗನ್ನು ಹಿಡಿದ ಕಾಲಕ್ಕೇ ಲೋಕದಲ್ಲಿತ್ತು. ಪುಡಿಗೆ ಚಾರ್ಜು ಕೊಟ್ಟರೆ ಅದು ಹೋಗಿ ಅಂಟತ್ತೆ ಅನ್ನೋ ವಿದ್ಯೆಯ ಮೇಲೇ ಆ ಶೆಡ್ಡು ನಡೀತಿತ್ತು. ಕಬ್ಬಿಣಕ್ಕೆ ಪುಡಿ ಸರಿಯಾಗಿ ಅಂಟಲಿಲ್ಲ ಅಂದರೆ ಅವತ್ತೇ ಗನ್ನು ಬಿಚ್ಚಿ ನೋಡೋರು. ಅದೇ ವಿದ್ಯೆಯನ್ನ ಗನ್ನು ಹಿಡಿದವನ ಮೂಗಿನ ಮುಂದೆ ಇಡೋಕೆ ದಿನಕ್ಕೆ ಒಂದು ಪ್ಲೇಟ್ ಇಡ್ಲಿಯ ಖರ್ಚೂ ಆಗ್ತಿರಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅದು ಯಾರ ತಲೆಗೂ ಬರಲಿಲ್ಲ. ನಮ್ಮ ತಲೆಗೂ. ನಾವು ಕರ್ಚೀಫಿನ ಬಣ್ಣಕ್ಕೆ ಪಂಥ ಕಟ್ಟಿಕೊಂಡಿದ್ವಿ.

* * *

ಗೇಟು ಶಾಕು ಹೊಡೆದ ಆ ಭಾನುವಾರದ ಸಂಜೆಯೇ ಎದುರು ಮನೆ ಹುಡುಗ ಬಂದಿದ್ದ. ಡಿಪ್ಲೊಮಾ ಮುಗಿಸಿದಾನೆ, ಪೀಣ್ಯದಲ್ಲಿ ಕೆಲಸ ಸಿಕ್ಕಿದೆ ಅಂತ ಸ್ವೀಟು ಕೊಡೋಕೆ. ಎಲ್ಲಿ ಅಂದ್ರೆ ಪೌಡರ್ ಕೋಟಿಂಗ್ ಯೂನಿಟ್ಟು. ಅಪ್ಪ ಮೈಸೂರ್‌ಪಾಕು ಕೈಯಲ್ಲಿ ಹಿಡ್ಕೊಂಡು ಅವನನ್ನೇ ನೋಡಿದರು. "ಮಾಸ್ಕು ಕೊಡ್ತಾರೇನಪ್ಪ?" ಅಂದರು.

"ಕೊಡ್ತಾರೆ ಅಂಕಲ್, ಆದ್ರೆ ಯಾರೂ ಹಾಕ್ಕೊಳಲ್ಲ. ಸೆಕೆ ಅಂತಾರೆ. ಕತ್ತಿಗೆ ಇಳಿಸ್ಕೊಂಡಿರ್ತಾರೆ."

ಅಪ್ಪ ಎದ್ದು ಒಳಗೆ ಹೋದರು. ನಾನು ಹಿಂದೆ ತಂದುಕೊಟ್ಟ ಡಬ್ಬಿಯಿಂದ ಎರಡು ಎನ್95 ತಂದರು. "ಬಾ ಇಲ್ಲಿ" ಅಂತ ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡರು. ಮೇಲಿನ ಎಲಾಸ್ಟಿಕ್ ಎಲ್ಲಿ, ಕೆಳಗಿನದು ಎಲ್ಲಿ. ಪಟ್ಟಿಯನ್ನ ಒಂದು ಕೈಯಲ್ಲಲ್ಲ, ಎರಡೂ ಕೈಬೆರಳಿನಿಂದ ಮೂಗಿನ ಎರಡೂ ಕಡೆ ಒತ್ತಬೇಕು. ಅಂಗೈ ಮುಚ್ಚಿ ಉಸಿರು ಬಿಟ್ಟು ನೋಡಬೇಕು, ಕಣ್ಣಿಗೆ ಗಾಳಿ ಬಡಿದರೆ ಸಂದಿ ಇದೆ ಅಂತ ಅರ್ಥ. ತೊಳೀಬಾರದು, ತೊಳೆದರೆ ಒಳಗಿನ ಕರೆಂಟು ಹೋಗತ್ತೆ. ಗಡ್ಡ ಬಿಟ್ಟರೆ ಸರಿಯಾಗಿ ಕೂರಲ್ಲ. ನಾನು ಯಾವಾಗಲೋ ಹೇಳಿದ್ದನ್ನೆಲ್ಲ ಅಪ್ಪ ಒಂದೂ ಬಿಡದೆ ಇಟ್ಟುಕೊಂಡಿದ್ದರು.

ಹುಡುಗ ಹಾಕ್ಕೊಂಡ. ಸರಿಯಾಗಲಿಲ್ಲ. "ಹಂಗಲ್ಲ, ಇಲ್ನೋಡು" ಅಂತ ಅಪ್ಪ ಇನ್ನೊಂದನ್ನ ತಾವೇ ಹಾಕ್ಕೊಂಡರು. ಒತ್ತಿ ತೋರಿಸಿದರು, ಉಸಿರು ಬಿಟ್ಟು ತೋರಿಸಿದರು. ಅವರ ಭುಜ ಮೇಲೆ ಕೆಳಗೆ ಆಗ್ತಾ ಇತ್ತು. ಅಮ್ಮ ಬಾಗಿಲಲ್ಲಿ ನಿಂತು "ಸಾಕು ತೆಗೀರಿ" ಅಂದಳು. ಅಪ್ಪ ಕೈ ಎತ್ತಿ ತಡಿ ಅಂದರು. ಹುಡುಗನ ಮಾಸ್ಕಿನ ಪಟ್ಟಿ ಸರಿಯಾಗಿ ಕೂತದ್ದನ್ನ ಎರಡು ಬೆರಳಲ್ಲಿ ಮುಟ್ಟಿ ನೋಡಿ ಆಮೇಲೆ ತಮ್ಮದನ್ನ ತೆಗೆದರು.

ಇದಾಗಿ ಮೂರು ವಾರ. ಹುಡುಗ ಸಂಜೆ ಬಂದ ಕೂಡಲೇ ಅಪ್ಪ ಜಗಲಿಯಿಂದಲೇ ಕೂಗ್ತಾರೆ, "ಎಲ್ಲೋ, ಮೂಗು ತೋರಿಸು." ಅವನು ನಗ್ತಾ ಬಂದು ದೀಪದ ಕೆಳಗೆ ಮುಖ ಎತ್ತಿ ನಿಲ್ತಾನೆ. ಮೊನ್ನೆ ಹಣೆ ಮೇಲೆಲ್ಲ ಹಸಿರು ಇತ್ತು. ಮೂಗಿನ ಪಕ್ಕ ಗೆರೆ ಇರಲಿಲ್ಲ. ಅಪ್ಪ ಒಳಗೆ ತಿರುಗಿ "ಲೇ, ಆ ಡಬ್ಬದಲ್ಲಿ ಕಡ್ಲೆಮಿಠಾಯಿ ಇದ್ರೆ ಕೊಡೇ ಇವನಿಗೆ" ಅಂದರು.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಧೂಳಿನಲ್ಲಿ ಕೆಲಸ ಮಾಡೋರು ಯಾರಾದರೂ ಇದ್ದರೆ ಇವತ್ತು ಸಂಜೆ ಒಂದು ಸಲ ಅವರ ಮೂಗಿನ ಪಕ್ಕ ನೋಡಿ. ಏನು ಕಾಣಿಸಿತು ಅಂತ ಕೆಳಗೆ ಬರೆದರೆ ಅಪ್ಪನಿಗೆ ಓದಿ ಹೇಳ್ತೀನಿ.